ಸತ್ಯಾಂಶ: ಆಲ್ಬಿನೆನ್ ಗ್ರಾಮ ಬಂದವರಿಗೆಲ್ಲ ಹಣ ಕೊಡುತ್ತದೆಯೇ?

ಸ್ವಿಟ್ಜರ್ಲೆಂಡಿನ ಹಳ್ಳಿಯೊಂದಕ್ಕೆ ಹೋಗಿ ನೆಲೆಸುವ ಯಾರಿಗಾದರೂ ಲಕ್ಷಾಂತರ ರೂಪಾಯಿ ಸಿಗುತ್ತದೆಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಹರಿದಾಡುತ್ತದೆ. ಇದು ಅರ್ಧಸತ್ಯ.

ಹಳ್ಳಿಯ ಹೆಸರು ಆಲ್ಬಿನೆನ್. ವಲೇ ಪ್ರಾಂತ್ಯದಲ್ಲಿ, ರೋನ್ ಕಣಿವೆಯ ಮೇಲಿನ ಇಳಿಜಾರಿನಲ್ಲಿ, ಸುಮಾರು 1,300 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಸುಮಾರು 240 ಮಂದಿ ಮಾತ್ರ ಉಳಿದಿದ್ದಾಗ, ಯುವ ಕುಟುಂಬಗಳು ಹೊರಟುಹೋಗಿ ಶಾಲೆಯೂ ಮುಚ್ಚಿದ್ದರಿಂದ, ಗ್ರಾಮಸ್ಥರು 2017ರ ನವೆಂಬರ್‌ನಲ್ಲಿ ಮತ ಚಲಾಯಿಸಿ ಪ್ರೋತ್ಸಾಹಧನದ ಯೋಜನೆಯನ್ನು ಒಪ್ಪಿಕೊಂಡರು. ಪ್ರತಿ ವಯಸ್ಕರಿಗೆ 25,000 ಫ್ರಾಂಕ್, ಪ್ರತಿ ಮಗುವಿಗೆ 10,000 ಫ್ರಾಂಕ್ ಎಂಬುದು ನಿಜವೇ.

ಸಂದೇಶದಲ್ಲಿ ಬಿಟ್ಟುಹೋಗುವುದು ಷರತ್ತುಗಳು. ಅರ್ಜಿದಾರರು 45 ವರ್ಷದೊಳಗಿನವರಾಗಿರಬೇಕು. ಕನಿಷ್ಠ 2,00,000 ಫ್ರಾಂಕ್ ಮೌಲ್ಯದ ಮನೆಯನ್ನು ಅಲ್ಲಿ ಕಟ್ಟಬೇಕು, ಕೊಳ್ಳಬೇಕು ಅಥವಾ ನವೀಕರಿಸಬೇಕು. ಅದು ರಜೆಯ ಮನೆಯಾಗಿರದೆ ಕಾಯಂ ವಾಸದ ಮನೆಯಾಗಿರಬೇಕು. ಹತ್ತು ವರ್ಷದೊಳಗೆ ಊರು ಬಿಟ್ಟರೆ ಹಣ ಹಿಂತಿರುಗಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ವಿದೇಶಿಯರ ಬಳಿ ‘ಸಿ’ ವರ್ಗದ ವಾಸದ ಪರವಾನಗಿ ಇರಬೇಕು, ಭಾರತೀಯರಿಗೆ ಅದು ಸಾಮಾನ್ಯವಾಗಿ ಸಿಗುವುದೇ ಸ್ವಿಟ್ಜರ್ಲೆಂಡಿನಲ್ಲಿ ಹತ್ತು ವರ್ಷ ನೆಲೆಸಿದ ಮೇಲೆ. ಯೋಜನೆಯ ಗುರಿ ಮೂಲತಃ ದೇಶದೊಳಗಿನ ಯುವ ಕುಟುಂಬಗಳೇ ಹೊರತು, ಬೆಂಗಳೂರಿನಿಂದ ಅರ್ಜಿ ಹಾಕುವವರಲ್ಲ.