ಮುಂಬಯಿಯ ಬಾವಿಗಳು ತಾರಸಿಗೆ ಹತ್ತಿವೆ

ಧೋಬಿ ತಲಾವಿನಲ್ಲಿ ತಲಾವ್ ಇಲ್ಲ, ಸಿ.ಪಿ. ಟ್ಯಾಂಕಿನಲ್ಲಿ ಟ್ಯಾಂಕ್ ಇಲ್ಲ. ಗೋವಾಲಿಯಾ ಟ್ಯಾಂಕ್ ಮೈದಾನವಾಗಿ ಎಷ್ಟೋ ಕಾಲವಾಯಿತು. ಬಸ್ಸಿನ ಬೋರ್ಡಿನಲ್ಲಿ ದಿನಾ ಓದುವ ಈ ಹೆಸರುಗಳೆಲ್ಲ ಒಂದು ಕಾಲಕ್ಕೆ ಜನರ ನೀರಿನ ಆಸರೆ. 1860ರಲ್ಲಿ ವಿಹಾರ್ ಕೆರೆಯ ನೀರು ಕೊಳವೆಯಲ್ಲಿ ಬಂದ ಮೇಲೆ ಊರೊಳಗಿನ ಕೆರೆಗಳು ಒಂದೊಂದಾಗಿ ಮಣ್ಣು ಸೇರಿದವು.

ಬಾವಿಗಳು ಮಾತ್ರ ಇನ್ನೂ ಬಳಕೆಯಲ್ಲಿದ್ದವು. 1911ರಲ್ಲಿ ಮಲೇರಿಯಾ ತಜ್ಞ ಡಾ. ಬೆಂಟ್ಲಿ ಮುಂಬಯಿಯ ಮಲೇರಿಯಾದ ವರದಿ ಕೊಟ್ಟು, ರೋಗ ತರುವ ಸೊಳ್ಳೆ ಹುಟ್ಟುವುದೇ ಮನೆ ಬಾವಿಗಳಲ್ಲಿ ಎಂದರು. ಆಮೇಲೆ ಎಷ್ಟೋ ಬಾವಿಗಳು ಮುಚ್ಚಿದವು. ಚರ್ಚ್‌ಗೇಟ್ ಹತ್ತಿರ 1725ರಲ್ಲಿ ತೋಡಿದ ಭೀಖಾ ಬೆಹ್ರಾಮ್ ಬಾವಿ ಉಳಿದಿದೆ. ಸಮುದ್ರ ಅಷ್ಟು ಹತ್ತಿರವಿದ್ದೂ ಅದರ ನೀರು ಸಿಹಿ.

ಬಾವಿ ಹೋಯಿತು, ಸೊಳ್ಳೆ ಹೋಗಲಿಲ್ಲ. ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಈ ಮಲೇರಿಯಾ ಸೊಳ್ಳೆಗೆ ಬೇಕಾದದ್ದು ತಿಳಿಯಾದ, ನಿಂತ ನೀರು. ಅದನ್ನು ಈಗ ನಾವು ತಾರಸಿಯ ಮೇಲೆ ಕಟ್ಟಿಸಿಕೊಟ್ಟಿದ್ದೇವೆ. ಊರಲ್ಲಿ, ಉಡುಪಿ–ಕುಂದಾಪುರದ ಕಡೆ, ಬೇಸಗೆಯಲ್ಲಿ ಬಾವಿಯ ಕೆಸರು ತೆಗೆಸಿ, ಎಲೆ ಬೀಳದಂತೆ ಬಲೆ ಹಾಕಿಸುವ ಜನ ನಾವು. ಇಲ್ಲಿ ಸೊಸೈಟಿಯ ಟ್ಯಾಂಕಿಯನ್ನು ಎಷ್ಟು ಮಂದಿ ಇಣುಕಿ ನೋಡಿದ್ದೇವೆ? ನೀರು ಕೆಟ್ಟರೆ ಪಾಲಿಕೆಯನ್ನು ಬೈಯುತ್ತೇವೆ. ಠಾಣೆ, ನಾಶಿಕ್ ಕಡೆಯ ಗುಡ್ಡಗಳಿಂದ ಅಷ್ಟು ದೂರ ಬಂದ ನೀರು ಎಷ್ಟೋ ಸಲ ಕೆಡುವುದು ನಮ್ಮ ಗೇಟಿನ ಒಳಗೆ.

ಕೆಡುತ್ತಿರುವುದು ಎಲ್ಲಿ ಎಂದು ತಿಳಿಯಲು, ರೋಗಾಣು ಕೊಲ್ಲಲು ಪಾಲಿಕೆ ನೀರಿಗೆ ಬೆರೆಸುವ ಕ್ಲೋರಿನ್ ಉಳಿದಿದೆಯೇ ಎಂದು ನೋಡುವ ಓಟಿ (ಆರ್ಥೋಟಾಲಿಡಿನ್) ದ್ರಾವಣದ ಚಿಕ್ಕ ಬಾಟಲಿ ಸಾಕು. ನೀರು ಬಿಡುವ ಹೊತ್ತಿಗೆ ಮೀಟರಿನ ಬಳಿ ಒಂದು ಮಾದರಿ, ಅಡುಗೆಮನೆ ನಳದಲ್ಲಿ ಇನ್ನೊಂದು ಹಿಡಿಯಿರಿ; ಎರಡಕ್ಕೂ ಕೆಲವು ಹನಿ ಹಾಕಿ. ಮೀಟರಿನ ನೀರು ಹಳದಿಯಾಗಿ, ನಳದ್ದು ಬಣ್ಣವೇ ತಿರುಗದಿದ್ದರೆ ಕ್ಲೋರಿನ್ ಮುಗಿದದ್ದು ನಿಮ್ಮ ಸಂಪಿನಲ್ಲೋ ಟ್ಯಾಂಕಿಯಲ್ಲೋ. ಮೀಟರಿನಲ್ಲೇ ಬಣ್ಣ ಬಾರದಿದ್ದರೆ ವಾರ್ಡ್ ಆಫೀಸಿಗೆ ದೂರು ಕೊಡಿ. ಹನಿ ಹಾಕಿದ ನೀರನ್ನು ಕುಡಿಯಬೇಡಿ, ಚೆಲ್ಲಿಬಿಡಿ.

ಇಲ್ಲಿ ನೀರು ಬರುವುದು ಕೆಲವೇ ಗಂಟೆ. ನಿಂತ ಮೇಲೆ ಕೊಳವೆಯ ಒತ್ತಡ ಇಳಿಯುತ್ತದೆ. ಗಟಾರದ ಪಕ್ಕ ಹಾದ ಹಳೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಹೊರಗಿನ ಕೊಳಕು ಒಳಗೆ ಎಳೆದುಕೊಳ್ಳುತ್ತದೆ. ಪಾಲಿಕೆಯ ಲೈನಿಗೇ ಮೋಟಾರು ಹಚ್ಚುವವರು ಈ ಎಳೆತವನ್ನು ಹೆಚ್ಚಿಸುತ್ತಾರೆ, ಪಕ್ಕದ ಮನೆಯವರ ನೀರನ್ನೂ ಕೆಡಿಸುತ್ತಾರೆ. ನನಗೆ ಇದು ಕಳ್ಳತನಕ್ಕಿಂತ ದೊಡ್ಡ ತಪ್ಪು.

ವಾರಕ್ಕೊಮ್ಮೆ ಟಾರ್ಚ್ ಹಿಡಿದು ತಾರಸಿಗೆ ಹತ್ತಿ, ಟ್ಯಾಂಕಿಯೊಳಗೆ ನೋಡಿ. ನೀರಿನ ಮೇಲ್ಮೈಗೆ ಅಂಟಿಕೊಂಡಂತೆ ಅಡ್ಡ ಮಲಗಿದ ಸಣ್ಣ ಕಡ್ಡಿಯಂಥ ಹುಳು ಕಂಡರೆ ಅದು ಮಲೇರಿಯಾ ಸೊಳ್ಳೆಯ ಜಾತಿ. ತಲೆ ಕೆಳಗಾಗಿ ಓರೆ ನೇತಾಡುವುದು ಬೇರೆ ಜಾತಿಯದು. ಮುಚ್ಚಳ ಬಿಗಿಯಾಗಿದ್ದರೆ ಸಾಲದು. ಓವರ್‌ಫ್ಲೋ ಪೈಪಿನ ಬಾಯಿಗೆ, ಗಾಳಿಕೊಳವೆಗೆ ಸಣ್ಣ ಕಣ್ಣಿನ ಜಾಲರಿ ಬೇಕು. ಸೊಳ್ಳೆ ನುಗ್ಗುವುದು ಹೆಚ್ಚಾಗಿ ಇವುಗಳಿಂದಲೇ.

ಆರು ತಿಂಗಳಿಗೊಮ್ಮೆ ತೊಳೆಸುವಾಗ ಮೊದಲು ಸಂಪು, ಆಮೇಲೆ ಮೇಲಿನ ಟ್ಯಾಂಕಿ. ತಿರುಗುಮುರುಗಾದರೆ ಸಂಪಿನ ಕೆಸರು ಪಂಪಿನಲ್ಲಿ ತೊಳೆದ ಟ್ಯಾಂಕಿಗೇ ಏರುತ್ತದೆ. ಮನೆಗಳಿಗೆ ಇಳಿಯುವ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಕೆಸರನ್ನು ಕೆಳಗಿನ ವಾಶ್‌ಔಟ್‌ನಿಂದ ಬಿಡಿ. ತಂತಿಬ್ರಶ್ ಗಿಲಾವು ಕೀಳುತ್ತದೆ, ನೈಲಾನ್ ಬ್ರಶ್ಶೇ ಸರಿ. ತುಂಬಿದ ಮೇಲೆ 1000 ಲೀಟರಿಗೆ ಶೇ. 25 ಕ್ಲೋರಿನ್ ಇರುವ ಹೊಸ ಬ್ಲೀಚಿಂಗ್ ಪುಡಿ 200 ಗ್ರಾಂ. ತೆರೆದಿಟ್ಟ ಹಳೆ ಪುಡಿಗೆ ಸತ್ವ ಇರುವುದಿಲ್ಲ. ಪ್ಲಾಸ್ಟಿಕ್ ಬಕೆಟಿನಲ್ಲಿ ಕಲಸಿ, ಅರ್ಧ ಗಂಟೆ ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಸುರಿಯಿರಿ. ಈ ನೀರು ಬಳಸಬೇಡಿ ಎಂದು ಎಲ್ಲ ಮನೆಗಳಿಗೂ ಮೊದಲೇ ಹೇಳಿಟ್ಟು, ತುರುಕಿದ ಬಟ್ಟೆ ತೆಗೆದು, ಕ್ಲೋರಿನ್ ವಾಸನೆ ಬರುವವರೆಗೆ ಪ್ರತಿ ನಳವನ್ನೂ ತೆರೆದು ಮುಚ್ಚಿ. ನಾಲ್ಕು ಗಂಟೆ ಬಿಟ್ಟು ಪೂರ್ತಿ ಖಾಲಿ ಮಾಡಿ, ಹೊಸ ನೀರಿನಲ್ಲಿ ತೊಳೆದು ತುಂಬಿ. ಆ್ಯಸಿಡ್ ಹತ್ತಿರವೂ ಬೇಡ. ಬ್ಲೀಚಿಂಗ್ ಜೊತೆ ಸೇರಿದರೆ ವಿಷಗಾಳಿ ಏಳುತ್ತದೆ.

ಸಂಪಿಗೆ ಇಳಿಯುವ ಹುಡುಗನ ಜೀವ ಕೂಡ ನಮ್ಮದೇ ಹೊಣೆ. ಮುಚ್ಚಳ ಗಂಟೆಗಟ್ಟಲೆ ತೆರೆದಿಟ್ಟು, ಬ್ಲೋವರಿನಿಂದ ಗಾಳಿ ಬಿಟ್ಟು, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತ ಮೇಲೇ ಇಳಿಸಬೇಕು. ಪೆಟ್ರೋಲಿನಲ್ಲಿ ಓಡುವ ನೀರಿನ ಪಂಪನ್ನು ಸಂಪಿನೊಳಗೆ ಇಳಿಸಲೇಬಾರದು. ಒಳಗಿದ್ದವನು ಕುಸಿದರೆ ಇನ್ನೊಬ್ಬ ಧುಮುಕಬಾರದು. ಹಗ್ಗದಿಂದ ಎಳೆಯಿರಿ, 101ಕ್ಕೆ ಫೋನ್ ಮಾಡಿ.