ನೀವೇ ಒತ್ತಿಬಿಡಿ ಅಣ್ಣಾ

ಈಗಿನ ಪದವಿ ವಿದ್ಯಾರ್ಥಿಗಳಿಗೆ ಕಲಿಯುವ ಮನಸ್ಸೇ ಇಲ್ಲ, ಮೊಬೈಲ್ ಇರುವುದು ರೀಲ್ಸ್ ನೋಡಲಿಕ್ಕೆ ಅಷ್ಟೇ ಎಂದು ಅಧ್ಯಾಪಕ ಮಿತ್ರರೊಬ್ಬರು ನನ್ನ ಅಂಗಡಿಯಲ್ಲಿ ಕುಳಿತು ಬೇಸರಪಟ್ಟುಕೊಂಡರು. ಹೇಳಿ ಮುಗಿಸಿ, ತಮ್ಮ ಆದಾಯ ತೆರಿಗೆಯ ಕಾಗದಗಳನ್ನು ನನ್ನ ಕೈಗಿಟ್ಟು, "ಇದನ್ನೊಂದಿಷ್ಟು ಅಪ್‌ಲೋಡ್ ಮಾಡಿಕೊಡಿ" ಎಂದರು. ನಗು ಬಂತು, ತಡೆದುಕೊಂಡೆ. ವ್ಯಾಪಾರ ನೋಡಿ.

ಕೋಲಾರದ ಕಾಲೇಜೊಂದರ ಎದುರು ಜೆರಾಕ್ಸ್ ಮತ್ತು ಸೈಬರ್ ಅಂಗಡಿ ಇಟ್ಟುಕೊಂಡು 11 ವರ್ಷವಾಯಿತು. ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಪರೀಕ್ಷೆ ಅರ್ಜಿಗೆ ಯುಯುಸಿಎಂಎಸ್ ಎಂಬ ಜಾಲತಾಣ, ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಎಂಬ ಇನ್ನೊಂದು, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯ ಮತ್ತೊಂದು. ಇವು ಮಕ್ಕಳಿಗೆ ಬಾರದಿದ್ದರೆ ಲಾಭ ನನಗೆ. ಆದ್ದರಿಂದ ಅವರ ಪರವಾಗಿ ನಾನು ಮಾತನಾಡಿದರೆ ಸ್ವಲ್ಪ ನಂಬಬಹುದು.

ಹೋದ ವಾರ ಶ್ರೀನಿವಾಸಪುರ ಕಡೆಯ ಹುಡುಗಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿ ತುಂಬಲು ಬಂದಿದ್ದಳು, ಬಿ.ಎ. ಎರಡನೇ ವರ್ಷ. ಸರದಿಗೆ ಕಾಯುತ್ತಾ ಬೆಂಚಿನ ಮೇಲೆ ಕುಳಿತವಳು ತಮ್ಮ ತೋಟದ ಟೊಮೆಟೊ ಕೊಯ್ಲಿನ ವಿಡಿಯೊವನ್ನು ಎರಡು ಹೆಬ್ಬೆರಳಿನಲ್ಲೇ ಕತ್ತರಿಸಿ, ಹಾಡು ಕೂಡಿಸಿ, ಕೆಳಗೆ ಕನ್ನಡದ ಸಾಲು ಬರೆದು ಹಾಕಿಯೂಬಿಟ್ಟಳು. ನನಗೆ ಅದು ಬರುವುದಿಲ್ಲ. ಅವಳ ಸರದಿ ಬಂದಾಗ ಮೌಸ್ ಅತ್ತ ಸರಿಸಿದೆ. ಕೈ ಹಿಂದಕ್ಕೆ ತೆಗೆದುಕೊಂಡಳು. "ನೀವೇ ಒತ್ತಿಬಿಡಿ ಅಣ್ಣಾ, ತಪ್ಪಾದರೆ ಕಷ್ಟ."

ಓಟಿಪಿ ಹೋದದ್ದು ಅವಳ ಅಪ್ಪನ ಫೋನಿಗೆ. ಅಪ್ಪ ಇದ್ದದ್ದು ಎಪಿಎಂಸಿಯ ಟೊಮೆಟೊ ಹರಾಜಿನ ಗದ್ದಲದಲ್ಲಿ. ಮೂರನೇ ಸಲಕ್ಕೆ ಎತ್ತಿದರು, ಅಂಕಿಗಳನ್ನು ತೆಲುಗಿನಲ್ಲಿ ಓದಿದರು, ಇವಳು ಕನ್ನಡದಲ್ಲಿ ನನಗೆ ದಾಟಿಸುವಷ್ಟರಲ್ಲಿ ಅವಧಿ ಮುಗಿದಿತ್ತು. ಮತ್ತೆ ಮೊದಲಿನಿಂದ.

ಈ ಹುಡುಗಿಗೆ ಕಲಿಯುವ ಮನಸ್ಸಿಲ್ಲ ಎನ್ನುವುದು ಹೇಗೆ? ರೀಲ್ಸ್ ಕೆಟ್ಟರೆ ಅಳಿಸಿ ಇನ್ನೊಂದು ಮಾಡಬಹುದು. ಅರ್ಜಿ ಕೆಟ್ಟರೆ ವರ್ಷದ ವಿದ್ಯಾರ್ಥಿವೇತನಕ್ಕೇ ಕುತ್ತು. ಒಮ್ಮೆ ನಾನೇ ಅವಸರದಲ್ಲಿ ಒಬ್ಬ ಹುಡುಗನ ಪರೀಕ್ಷೆ ಅರ್ಜಿಯಲ್ಲಿ ಬೇರೆ ವಿಷಯಕ್ಕೆ ಗುರುತು ಹಾಕಿ, ಅವನು ಮೂರು ದಿನ ಆ ಕೋಣೆ ಈ ಕೋಣೆ ಅಲೆಯುವಂತಾಯಿತು. ದಿನವಿಡೀ ಇದೇ ಕೆಲಸ ಮಾಡುವ ನನ್ನ ಕೈಯೇ ತಪ್ಪುವಾಗ, ವರ್ಷಕ್ಕೊಮ್ಮೆ ಮೌಸ್ ಮುಟ್ಟುವವಳು 50 ರೂಪಾಯಿ ಕೊಟ್ಟು ಪಾರಾಗಲು ನೋಡುವುದು ನನ್ನ ಕಣ್ಣಿಗೆ ಸೋಮಾರಿತನವಾಗಿ ಕಾಣುವುದಿಲ್ಲ.

ಕಲಿಸಲಿಲ್ಲವೇ ಎಂದರೆ, ಕಲಿಸಿದರು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಜೊತೆ ಪದವಿಗೆ 'ಡಿಜಿಟಲ್ ಫ್ಲೂಯೆನ್ಸಿ' ಎಂಬ ಎರಡು ಕ್ರೆಡಿಟ್‌ನ ಪಠ್ಯ ಬಂತು. ಕೃತಕ ಬುದ್ಧಿಮತ್ತೆ, ಮಷಿನ್ ಲರ್ನಿಂಗ್, ಕ್ಲೌಡ್, ಬಿಗ್ ಡೇಟಾ, ಎಲ್ಲವೂ ಅದರಲ್ಲಿದ್ದವು. ಮಷಿನ್ ಲರ್ನಿಂಗ್ ಕುರಿತ ಎಂಟು ಪುಟದ ಅಸೈನ್‌ಮೆಂಟ್ ಪ್ರಿಂಟ್‌ಗೆ ತಂದವನಿಗೆ ಆ ಪಿಡಿಎಫ್ ತನ್ನ ಫೋನಿನ ಯಾವ ಮೂಲೆಯಲ್ಲಿದೆ ಎಂಬುದು ಮಾತ್ರ ತಿಳಿಯದು. "ವಾಟ್ಸ್‌ಆ್ಯಪ್‌ನಲ್ಲಿದೆ ಅಣ್ಣಾ." ಇ-ಮೇಲ್ ಮಾಡಪ್ಪ ಎಂದರೆ ಪಾಸ್‌ವರ್ಡ್ ಅಕ್ಕನಿಗೆ ಗೊತ್ತು.

ಎಲ್ಲರೂ ಮುಗ್ಧರೆಂದು ನಾನು ವಾದಿಸುತ್ತಿಲ್ಲ. ಚಾಟ್‌ಜಿಪಿಟಿ ಕೊಟ್ಟದ್ದನ್ನು ಹಾಗೆಯೇ ತಂದು, ಕೊನೆಯಲ್ಲಿ "ಇನ್ನಷ್ಟು ವಿವರ ಬೇಕೆ?" ಎಂಬ ಸಾಲನ್ನೂ ಉಳಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿಕೊಂಡು ಹೋದ ಮಹಾನುಭಾವರೂ ಇದ್ದಾರೆ. ನಾನೂ ಹೇಳಲಿಲ್ಲ, ಅವರ ಮೇಷ್ಟರಾದರೂ ಓದಲಿ ಎಂದು.

ಈ ಸಲದ ಪರೀಕ್ಷೆ ಅರ್ಜಿಗೆ ಒಂದು ಬೋರ್ಡ್ ಬರೆದು ಹಾಕಿದೆ: ನಾನು ತುಂಬಿದರೆ 50 ರೂಪಾಯಿ, ನೀವೇ ತುಂಬಿದರೆ 20, ತಪ್ಪಾಗದಂತೆ ಪಕ್ಕದಲ್ಲಿ ನಾನಿರುತ್ತೇನೆ. ಮೊದಲ ವಾರ ಒಪ್ಪಿದವರು ನಾಲ್ಕೇ ಮಂದಿ. ಅವರಲ್ಲಿ ಬಂಗಾರಪೇಟೆಯ ಹುಡುಗನೊಬ್ಬ ಪರದೆಯ ಮೇಲೆ ಬೆರಳಿಟ್ಟು ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ 40 ನಿಮಿಷ ತೆಗೆದುಕೊಂಡ. ಹಿಂದೆ ನಿಂತವರು ಗೊಣಗತೊಡಗಿದರು. ಕೊನೆಯ ಗುಂಡಿ ಬಂದಾಗ ನನ್ನ ಮುಖ ನೋಡಿದ. ನಾನು ಜೆರಾಕ್ಸ್ ಹಾಳೆ ಎಣಿಸುತ್ತಿರುವಂತೆ ನಟಿಸಿದೆ. ಒತ್ತಿದ.

ಆಮೇಲೆ, ಪ್ರಿಂಟ್ ಕೊಡುವುದು ಹೇಗೆ ಎಂದು ಕೇಳಿದ. ಅದಕ್ಕೆ ಬೇರೆ ಎರಡು ರೂಪಾಯಿ ಎಂದೆ.