ಶನಿವಾರಕ್ಕೆ ಶನಿ ಅಂಟಿದ್ದು ಲೆಕ್ಕದಿಂದ

ಶುಕ್ರವಾರ 13ನೇ ತಾರೀಕು ಬಂತೆಂದರೆ ಒಂದು ಫಾರ್ವರ್ಡ್ ಮೆಸೇಜು ತಪ್ಪದೆ ಓಡಾಡುತ್ತದೆ. 1307ರ ಅಕ್ಟೋಬರ್ 13ರ ಶುಕ್ರವಾರ ಫ್ರಾನ್ಸಿನ ರಾಜ ನಾಲ್ಕನೇ ಫಿಲಿಪ್ ಟೆಂಪ್ಲರ್ ಎಂಬ ಕ್ರೈಸ್ತ ಪಂಥದ ಯೋಧರನ್ನು ಸೆರೆಹಿಡಿಸಿದ, ಅಂದಿನಿಂದ ಆ ದಿನ ಅಪಶಕುನ ಅಂತ. ಬಂಧನ ನಡೆದದ್ದು ನಿಜ, ತಾರೀಕೂ ವಾರವೂ ಸರಿ. 'ಅಂದಿನಿಂದ' ಅನ್ನುವುದು ಮಾತ್ರ ಸುಳ್ಳು. ಯೇಸುವನ್ನು ಶಿಲುಬೆಗೇರಿಸಿದ ವಾರವೆಂದು ಶುಕ್ರವಾರದ ಮೇಲೆ ಒಂದು ಹೆದರಿಕೆ ಇತ್ತು, ಕೊನೆಯ ಭೋಜನಕ್ಕೆ ಕೂತವರು 13 ಜನ ಎಂದು ಆ ಸಂಖ್ಯೆಯ ಮೇಲೆ ಇನ್ನೊಂದು. ಎರಡನ್ನೂ ಒಟ್ಟು ಸೇರಿಸಿ ಹೆದರಿದ ಗುರುತು ಸಿಗುವುದು 19ನೇ ಶತಮಾನದಿಂದೀಚೆಗೆ. 1907ರಲ್ಲಿ ಥಾಮಸ್ ಲಾಸನ್ ಇದೇ ಹೆಸರಿನ ಷೇರುಪೇಟೆಯ ಕಾದಂಬರಿ ಬರೆದ ಮೇಲಂತೂ ಅದು ಮನೆಮಾತಾಯಿತು.

ಪ್ರಾಚೀನ ಬ್ಯಾಬಿಲೋನಿನ ರಾಜ ಹಮ್ಮುರಬಿಯ ಕಲ್ಲಿನ ಶಾಸನದಲ್ಲಿ 13ನೇ ಕಾನೂನೇ ಇಲ್ಲ ಅನ್ನುವುದು ಇದರ ಜೊತೆಗಾರ ಸುಳ್ಳು. ಆ ಕಲ್ಲಿನಲ್ಲಿ ಯಾವ ಕಾನೂನಿಗೂ ನಂಬರೇ ಇಲ್ಲ! ನಂಬರು ಹಾಕಿದ್ದು 1902ರಲ್ಲಿ ಅದನ್ನು ಓದಿ ಪ್ರಕಟಿಸಿದ ಫ್ರೆಂಚ್ ವಿದ್ವಾಂಸ ವಿನ್ಸೆಂಟ್ ಶೀಲ್.

ಅಪಶಕುನದ ಮೂಲ ಹುಡುಕುವವರಿಗೆ ಯಾಕೋ ಒಂದು ದುರಂತ ಬೇಕೇ ಬೇಕು. ಹಾಗೆ ಹುಟ್ಟಿದ ದಿನಗಳು ಇಲ್ಲವೆಂದಲ್ಲ. ಅಲ್ಲಿಯಾ ನದಿಯ ಹತ್ತಿರ ಗಾಲ್‌ಗಳ ಕೈಲಿ ಸೋತ ಜುಲೈ 18ನ್ನು ರೋಮನ್ನರು ಶತಮಾನಗಟ್ಟಲೆ ಕೆಟ್ಟ ದಿನವೆಂದೇ ಆಚರಿಸಿದರು. ಆದರೆ ಅಂಥವು ಕಡಿಮೆ. ಹೆಚ್ಚಿನವು ಹುಟ್ಟಿದ್ದು ಲೆಕ್ಕದಿಂದ, ಇಲ್ಲವೇ ಉಚ್ಚಾರದಿಂದ. ಕಥೆ ಆಮೇಲೆ ಬಂದು ಜಾಗ ಹಿಡಿಯುತ್ತದೆ.

ಶನಿವಾರವನ್ನೇ ತಗೊಳ್ಳಿ. ಬರಿಗಣ್ಣಿಗೆ ಕಾಣುವ ಏಳು 'ಗ್ರಹ'ಗಳನ್ನು ನಿಧಾನದಿಂದ ವೇಗಕ್ಕೆ ಜೋಡಿಸಿ: ಶನಿ, ಗುರು, ಮಂಗಳ, ರವಿ, ಶುಕ್ರ, ಬುಧ, ಚಂದ್ರ. ಶನಿಗೆ ಒಂದು ಸುತ್ತಿಗೆ ಸುಮಾರು 29.5 ವರ್ಷ, ಚಂದ್ರನಿಗೆ 27.3 ದಿನ. ಈಗ ದಿನದ 24 ಗಂಟೆಗೆ ಇದೇ ಸಾಲಿನಲ್ಲಿ ಒಬ್ಬೊಬ್ಬ ಅಧಿಪತಿ. ಮೊದಲ ಗಂಟೆ ಶನಿಯದಾದರೆ 8, 15, 22ನೆಯವೂ ಅವನವೇ. 23 ಗುರುವಿಗೆ, 24 ಮಂಗಳನಿಗೆ, ಮರುದಿನದ ಮೊದಲ ಗಂಟೆ ರವಿಗೆ. ಮೊದಲ ಗಂಟೆ ಯಾರದೋ ದಿನಕ್ಕೆ ಅವನದೇ ಹೆಸರು; ಹಾಗಾಗಿ ಶನಿವಾರ ಆದ ಮೇಲೆ ಭಾನುವಾರ. ಹೀಗೇ ಮೂರು ಮೂರು ಮನೆ ಹಾರುತ್ತಾ ಹೋದರೆ ಸೋಮ, ಮಂಗಳ, ಬುಧ ತಾವಾಗೇ ಬರುತ್ತವೆ. ದಿನಕ್ಕೆ 25 ಗಂಟೆ ಮಾಡಿದ್ದರೆ ಶನಿವಾರದ ಮರುದಿನ ಶುಕ್ರವಾರ ಆಗಿ ಇಡೀ ವಾರ ಹಿಂದುಮುಂದಾಗುತ್ತಿತ್ತು. ಶನಿ, ಮಂಗಳ ಕ್ರೂರಗ್ರಹಗಳು ಎಂಬ ನಂಬಿಕೆ ಮೊದಲೇ ಇತ್ತು. 24ನ್ನು ಏಳರಿಂದ ಭಾಗಿಸಿದಾಗ ಉಳಿಯುವ ಶೇಷ ಆ ಕೆಟ್ಟ ಹೆಸರನ್ನು ಒಯ್ದು ಶನಿವಾರ, ಮಂಗಳವಾರಗಳಿಗೆ ಹಚ್ಚಿತು, ಅಷ್ಟೇ.

ಈ ವಾರದ ಲೆಕ್ಕ ವೇದಕಾಲದ್ದು ಅನ್ನುವವರಿಗೊಂದು ಮಾತು. ವೇದಾಂಗ ಜ್ಯೋತಿಷ ಎಂಬ ಹಳೆಯ ಗ್ರಂಥದಲ್ಲಿ ತಿಥಿ ಇದೆ, ನಕ್ಷತ್ರ ಇದೆ, ವಾರ ಇಲ್ಲ. ವಾರದ ಹೆಸರಿರುವ ಹಳೆಯ ಶಾಸನವೆಂದು ತೋರಿಸುವುದು ಮಧ್ಯಪ್ರದೇಶದ ಏರಣ್‌ನಲ್ಲಿರುವ, ಗುಪ್ತ ದೊರೆ ಬುಧಗುಪ್ತನ ಕಾಲದ್ದನ್ನು, ಕ್ರಿ.ಶ. 484. ಜ್ಯೋತಿಷದಲ್ಲಿ ಈ ಗಂಟೆಗೆ ಹೇಳುವ 'ಹೋರಾ' ಎಂಬ ಪದವೇ ಗ್ರೀಕಿನಿಂದ ಬಂದದ್ದು.

ರಾಹುಕಾಲವೂ ಭಾಗಾಕಾರವೇ. ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಎಂಟು ಪಾಲು. ಸೋಮವಾರ 2ನೆಯದು, ಶನಿ 3, ಶುಕ್ರ 4, ಬುಧ 5, ಗುರು 6, ಮಂಗಳ 7, ಭಾನು 8. ಮೊದಲ ಪಾಲು ಯಾವ ವಾರದಲ್ಲೂ ರಾಹುವಿಗಿಲ್ಲ. ಸೋಮವಾರ 'ಏಳೂವರೆಯಿಂದ ಒಂಬತ್ತು' ಎಂದು ಬಾಯಿಪಾಠ ಮಾಡಿದವರು ಎಡವುವುದು ಇಲ್ಲೇ. ಆ ಹೊತ್ತು ಸರಿಯಾಗುವುದು ಆರಕ್ಕೆ ಸೂರ್ಯ ಹುಟ್ಟಿ ಆರಕ್ಕೇ ಮುಳುಗಿದರೆ ಮಾತ್ರ. 6.40ಕ್ಕೆ ಹುಟ್ಟಿ 6ಕ್ಕೆ ಮುಳುಗುವ ದಿನ ಒಂದು ಪಾಲು 85 ನಿಮಿಷ, ರಾಹುಕಾಲ 8.05ರಿಂದ 9.30. ಒಂಬತ್ತಾಯ್ತು, ಕಳೀತು ಅಂತ ಹೊರಟವರು ಅವರದೇ ಲೆಕ್ಕದ ಪ್ರಕಾರ ರಾಹುವಿನ ನಟ್ಟನಡುವೆ ಹೊರಟಿರುತ್ತಾರೆ. ಹಾಗೆ ಹೊರಟವರಿಗೆ ಏನೂ ಆಗುವುದಿಲ್ಲ ಅನ್ನುವುದು ಬೇರೆ ಮಾತು.

ಉಚ್ಚಾರದ್ದು ಇನ್ನೂ ಸರಳ. ಚೀನೀ ಭಾಷೆಯಲ್ಲಿ ನಾಲ್ಕಕ್ಕೂ ಸಾವಿಗೂ 'ಸಿ', ಸ್ವರದ ಏರಿಳಿತ ಮಾತ್ರ ಬೇರೆ. ಜಪಾನಿಯಲ್ಲಿ ಎರಡೂ 'ಶಿ', ಅದನ್ನು ತಪ್ಪಿಸಲು ನಾಲ್ಕಕ್ಕೆ 'ಯೋನ್' ಅನ್ನುತ್ತಾರೆ. ಇಟಲಿಯಲ್ಲಿ ಕೆಟ್ಟದ್ದು 17. ರೋಮನ್ ಅಂಕಿಯ ಎಕ್ಸ್-ವಿ-ಐ-ಐ ಅಕ್ಷರಗಳನ್ನು ಅದಲುಬದಲು ಮಾಡಿದರೆ 'ವಿಕ್ಸಿ' ಆಗುತ್ತದೆ, ಲ್ಯಾಟಿನ್‌ನಲ್ಲಿ 'ಬದುಕಿದ್ದೆ', ಅಂದರೆ ಈಗಿಲ್ಲ.

ಇನ್ನು 13ನೇ ತಾರೀಕು ಅಪರೂಪಕ್ಕೆ ಶುಕ್ರವಾರ ಬೀಳುತ್ತದೆಂಬ ಭ್ರಮೆ. ನಮ್ಮ ಕ್ಯಾಲೆಂಡರು 400 ವರ್ಷಕ್ಕೊಮ್ಮೆ ಹಾಗ್‌ಹಾಗೇ ಮರುಕಳಿಸುತ್ತದೆ. ಅದರ 4,800 ತಿಂಗಳಲ್ಲಿ 13ನೇ ತಾರೀಕು ಶುಕ್ರವಾರ ಬರುವುದು 688 ಸಲ, ಬೇರೆಲ್ಲ ವಾರಕ್ಕಿಂತ ಜಾಸ್ತಿ. ಗುರುವಾರ, ಶನಿವಾರ 684 ಸಲವಷ್ಟೇ.

ಇದೆಲ್ಲ ತಮಾಷೆಯಾಗಿ ಉಳಿಯದ ಕಡೆಯೂ ಇದೆ. ಜಪಾನಿನಲ್ಲಿ ಹತ್ತು ವರ್ಷದ ಚಕ್ರ, ಹನ್ನೆರಡು ಪ್ರಾಣಿಗಳ ಚಕ್ರ ಎರಡೂ ಸೇರಿ 60 ವರ್ಷಕ್ಕೊಮ್ಮೆ 'ಬೆಂಕಿ ಕುದುರೆ' ವರ್ಷ ಬರುತ್ತದೆ. ಆ ವರ್ಷ ಹುಟ್ಟಿದ ಹೆಣ್ಣು ಗಂಡನಿಗೆ ಆಗಿಬರುವುದಿಲ್ಲವಂತೆ. ಬೆಂಕಿ ಹಚ್ಚಿದ್ದಕ್ಕೆ 1683ರಲ್ಲಿ ಸುಟ್ಟು ಕೊಂದ ಓಶಿಚಿ ಎಂಬ ಹುಡುಗಿಯ ಕಥೆಯನ್ನು ಇದಕ್ಕೆ ಗಂಟುಹಾಕಿದ್ದಾರೆ. 1965ರಲ್ಲಿ ಅಲ್ಲಿ ಹುಟ್ಟಿದ ಮಕ್ಕಳು ಸುಮಾರು 18.2 ಲಕ್ಷ. ಬೆಂಕಿ ಕುದುರೆಯ 1966ರಲ್ಲಿ 13.6 ಲಕ್ಷ. 1967ರಲ್ಲಿ ಮತ್ತೆ 19 ಲಕ್ಷ ದಾಟಿತು.